ರೈಲಿನಲ್ಲಿ ಕರಪತ್ರ ಕೊಟ್ಟ ಅಮ್ಮ, ಹರಿದು ಎಸೆದ ಅಣ್ಣ: ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?

ಮಾಲೂರು ಹುಡುಗ · ಭಾನುವಾರ ಬೆಳಗ್ಗೆ 10:40

ನಾನು ದಿನಾ ಮಾರಿಕುಪ್ಪಂ ರೈಲಿಗೆ ಮಾಲೂರಿನಲ್ಲಿ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಶುಕ್ರವಾರ ನಡೆದದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತು ದಾಟಿದ ಒಬ್ಬ ಅಮ್ಮ ಕಿಟಕಿ ಪಕ್ಕ ಕೂತಿದ್ದರು. ಊಟದ ಬ್ಯಾಗಿನಿಂದ ಸಣ್ಣ ಸಣ್ಣ ಕಾಗದ ತೆಗೆದು ಸುತ್ತ ಕೂತವರಿಗೆ ಕೊಟ್ಟರು. 'ಓದಿ ನೋಡು ಮಗಾ' ಅಂದರು, ಅಷ್ಟೇ. ಮೇಲೆ 'ನಿಮಗೆ ಮನಶ್ಶಾಂತಿ ಇದೆಯಾ?' ಅಂತ ದಪ್ಪ ಅಕ್ಷರ, ಒಳಗೆ ಯೇಸುವಿನ ಬಗ್ಗೆ ನಾಲ್ಕು ಮಾತು. ಕೆಲವರು ತೆಗೆದುಕೊಂಡರು, ಕೆಲವರು ತಲೆ ಆಡಿಸಿ ಬೇಡ ಅಂದರು. ಒಬ್ಬರು, ನಲವತ್ತರ ಆಸುಪಾಸು, ಕಾಗದ ಕೈಗೆ ತೆಗೆದುಕೊಂಡು ಓದದೆ ನಾಲ್ಕು ತುಂಡು ಮಾಡಿ ಕಿಟಕಿಯಿಂದ ಎಸೆದರು. 'ಒಂದು ತಲೆಗೆ ಎಷ್ಟು ಕೊಡ್ತಾರೆ ನಿಮಗೆ? ಇನ್ನೊಂದು ಸಲ ಈ ಬೋಗಿಯಲ್ಲಿ ಕಾಣಿಸಿಕೊಂಡರೆ ಚೆನ್ನಾಗಿರಲ್ಲ' ಅಂದರು. ಇಬ್ಬರು ಫೋನ್ ತೆಗೆದು ವಿಡಿಯೋ ಮಾಡಲು ಶುರು ಮಾಡಿದರು. ಆ ಅಮ್ಮ ಒಂದು ಮಾತೂ ಆಡಲಿಲ್ಲ. ಉಳಿದ ಕಾಗದ ಬ್ಯಾಗಿಗೆ ಹಾಕುವಾಗ ಕೈ ನಡುಗುತ್ತಿತ್ತು. ವೈಟ್‌ಫೀಲ್ಡ್‌ನಲ್ಲಿ ಇಳಿದು ಹೋದರು.

ನಾನು ಎದುರಿನ ಸೀಟಿನಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ನಾನು ಹಿಂದೂ. ಶನಿವಾರ ಆಂಜನೇಯನ ಗುಡಿಗೆ ತಪ್ಪದೆ ಹೋಗುತ್ತೇನೆ. ನಿನ್ನ ದೇವರು ಸುಳ್ಳು ಅಂತ ಯಾರಾದರೂ ಅಂದರೆ ನನಗೂ ಸಿಟ್ಟು ಬರುತ್ತದೆ. ಆದರೆ ಆ ಅಮ್ಮ ಹಾಗೆ ಅನ್ನಲಿಲ್ಲ. ಅವರು ಕೊಟ್ಟಿದ್ದು ತಪ್ಪಾ? ಇವರು ಹರಿದಿದ್ದು ತಪ್ಪಾ? ನನ್ನಂಥವರು ಅಲ್ಲಿ ಏನು ಮಾಡಬೇಕಿತ್ತು?

ಟೊಮೆಟೊ ಮಂಡಿ · 10:52

'ಬೇಡಮ್ಮ' ಅಂದರೆ ಮುಗಿಯಿತು. ಹರಿಯೋದು ಯಾಕೆ?

ಅಂತರಗಂಗೆ · 11:05

ಅಷ್ಟು ಸುಲಭ ಅಲ್ಲ ಮಂಡಿ ಅಣ್ಣಾ. ಹರಿದವರ ಪರ ನಾನಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬರುತ್ತದೆ ಅಂತಲೂ ಹೇಳಬೇಕು.

ನಮ್ಮ ಅತ್ತಿಗೆಗೆ ಮೂರು ವರ್ಷದ ಹಿಂದೆ ತುಂಬಾ ತಲೆನೋವು. ಆಸ್ಪತ್ರೆ ಸುತ್ತಿದರು, ಕಡಿಮೆ ಆಗಲಿಲ್ಲ. ಪಕ್ಕದ ಬೀದಿಯ ಒಬ್ಬರು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಹೋಗಲಿ ಬಿಡಿ, ಸಮಾಧಾನ ಸಿಕ್ಕರೆ ಸಾಕು ಅಂದುಕೊಂಡೆವು. ಆರು ತಿಂಗಳಲ್ಲಿ ಕುಂಕುಮ ಇಡುವುದು ಬಿಟ್ಟರು. ಯುಗಾದಿ ದಿನ ಬೇವುಬೆಲ್ಲ ಮುಟ್ಟಲಿಲ್ಲ. ಊರ ಹಬ್ಬದಲ್ಲಿ ನಮ್ಮಮ್ಮ ದೀಪದ ಆರತಿ ಮುಗಿಸಿ ಬಂದು ಪ್ರಸಾದ ಕೈಗೆ ಕೊಟ್ಟರೆ, 'ವಿಗ್ರಹಕ್ಕೆ ಇಟ್ಟದ್ದು ತಿನ್ನಲ್ಲ ಅತ್ತೆ' ಅಂದರು. ನಮ್ಮಮ್ಮ ಆ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಅತ್ತದ್ದು ನಾನು ನೋಡಿದ್ದೇನೆ. ಮನೆ ಒಡೆಯಲಿಲ್ಲ, ಆದರೆ ಹಬ್ಬ ಒಡೆಯಿತು.

ಒಂದು ಕಾಗದ ಅಲ್ವಾ ಅಂತ ನಿಮಗೆ ಅನಿಸುತ್ತದೆ. ನಮ್ಮ ಮನೆಯಲ್ಲೂ ಎಲ್ಲ ಶುರುವಾದದ್ದು ಒಂದು ಕಾಗದದಿಂದಲೇ.

ಪಾಸ್ಟರ್ ಮಗಳು · 11:31

ಅಂತರಗಂಗೆ ಅಣ್ಣಾ, ನಿಮ್ಮ ತಾಯಿ ವಿಷಯ ಓದಿ ಸಂಕಟ ಆಯಿತು. ನನ್ನ ತಂದೆ ಚಿಂತಾಮಣಿ ಕಡೆ ಒಂದು ಸಣ್ಣ ಸಭೆಯ ಪಾಸ್ಟರ್. ಹೊಸದಾಗಿ ನಂಬಿಕೆಗೆ ಬಂದವರಿಗೆ ಅಪ್ಪ ಮೊದಲು ಹೇಳುವುದೇ 'ಮನೆಯವರ ಜೊತೆ ಜಗಳ ಮಾಡಿಕೊಂಡು ಇಲ್ಲಿಗೆ ಬರಬೇಡಿ' ಅಂತ. ಎಲ್ಲ ಪಾಸ್ಟರ್‌ಗಳೂ ಹಾಗೆ ಹೇಳುತ್ತಾರಾ? ಇಲ್ಲ. ಬಂದ ಮೊದಲ ವಾರವೇ ಕುಂಕುಮ ಒರೆಸಲು ಹೇಳುವವರನ್ನು ನಾನೂ ನೋಡಿದ್ದೇನೆ. ಅದು ತಪ್ಪು ಅಂತ ನಮ್ಮೊಳಗೇ ಜಗಳ ಆಡುತ್ತೇವೆ.

ಪ್ರಸಾದದ ವಿಷಯ ಮಾತ್ರ ನನಗೂ ಕಷ್ಟ. ನಾನೂ ತಿನ್ನುವುದಿಲ್ಲ. ಗೆಳತಿ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, 'ನಿನ್ನ ಪ್ರೀತಿಗೆ ತೆಗೆದುಕೊಂಡೆ, ಇದನ್ನ ನಿನ್ನ ತಮ್ಮನಿಗೆ ಕೊಡ್ತೀನಿ' ಅನ್ನುತ್ತೇನೆ. ಅವಳಿಗೆ ಗೊತ್ತು. ಇಪ್ಪತ್ತು ವರ್ಷದ ಸ್ನೇಹ.

ಇನ್ನು ರೈಲಿನ ಅಮ್ಮನ ಬಗ್ಗೆ. 'ಒಂದು ತಲೆಗೆ ಎಷ್ಟು' ಅನ್ನುವ ಮಾತು ಇದೆಯಲ್ಲ, ಅದು ಹರಿದ ಕಾಗದಕ್ಕಿಂತ ಜಾಸ್ತಿ ನೋಯಿಸುತ್ತದೆ. ಆ ಕಾಗದವನ್ನು ಬಹಳ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಪ್ರಿಂಟ್ ಮಾಡಿಸುತ್ತಾರೆ. ನಮ್ಮ ಸಭೆಯಲ್ಲಿ ಹೂ ಕಟ್ಟಿ ಮಾರುವ ಒಬ್ಬ ಅಜ್ಜಿ ಅದಕ್ಕೆಂದೇ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಅವರಿಗೆ ಯಾರೂ ಏನೂ ಕೊಡುವುದಿಲ್ಲ. ತನಗೆ ಒಳ್ಳೆಯದಾಯಿತು, ಬೇರೆಯವರಿಗೂ ಹೇಳಬೇಕು ಅನಿಸುತ್ತದೆ, ಅಷ್ಟೇ.

ಕರಿಕೋಟು · 11:48

ಕಾನೂನು ಏನು ಹೇಳುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಇದೆ. ಅದೂ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಈ 'ಪ್ರಚಾರ' ಅನ್ನುವ ಪದ ಸುಮ್ನೆ ಬಂದು ಕೂತದ್ದಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ತೆಗೆಯಬೇಕು ಅಂತ ವಾದ ನಡೆಯಿತು. ಕೆ.ಎಂ. ಮುನ್ಷಿಯವರಂಥವರೇ ಇರಲಿ ಅಂದರು. ಉಳಿಯಿತು.

ಆಮೇಲೆ 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಿನ್ನ ಧರ್ಮದ ತಿರುಳನ್ನು ಇನ್ನೊಬ್ಬರಿಗೆ ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಂತ ಒಂದಿಲ್ಲ. ಎರಡೂ ಕಡೆಯವರು ಈ ತೀರ್ಪಿನ ಅರ್ಧ ಮಾತ್ರ ಹೇಳುತ್ತಾರೆ.

ನಮ್ಮ ರಾಜ್ಯದ 2022ರ ಕಾಯ್ದೆ ಬಲವಂತ, ಮೋಸ, ಆಮಿಷ, ಮದುವೆಯ ಭರವಸೆ ಇಂಥವುಗಳಿಂದ ಮಾಡುವ ಮತಾಂತರದ ಬಗ್ಗೆ. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತ್ತು. ಅದೇನೇ ಇರಲಿ, ಕಾಗದ ಕೊಡುವುದು ಮತಾಂತರ ಅಲ್ಲ. ವಯಸ್ಸಾದವರನ್ನು ಬೋಗಿಯಲ್ಲಿ ಕಾಣಿಸಿಕೊಳ್ಳಬೇಡ ಅಂತ ಹೆದರಿಸುವುದಕ್ಕೆ ಯಾವ ಕಾನೂನೂ ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಬಂಗಾರಪೇಟೆ ಪಾನಿಪುರಿ · 11:55

ಅದೇ ರೈಲಿನಲ್ಲಿ ದಿನಾ ತಾಳ ಹಾಕಿಕೊಂಡು ಭಜನೆ ಮಾಡುತ್ತಾರೆ. ನಾನೂ ಹಾಡುತ್ತೇನೆ. ಆಗ ಯಾರೂ ಪ್ರಚಾರ ಅನ್ನುವುದಿಲ್ಲ ಅಲ್ವಾ?

ಅಂತರಗಂಗೆ · 12:01

ಭಜನೆ ಮಾಡುವವರು 'ನೀನು ನಮ್ಮ ಕಡೆ ಬಾ' ಅಂತ ಕರೆಯುವುದಿಲ್ಲ. ವ್ಯತ್ಯಾಸ ಇದೆ.

ಬಂಗಾರಪೇಟೆ ಪಾನಿಪುರಿ · 12:04

ಕರೆಯುವುದಿಲ್ಲ, ನಿಜ. ಆದರೆ ಕೇಳದೆ ಬೇರೆ ದಾರಿಯೂ ಇಲ್ಲ. ಕಾಗದವಾದರೆ ಓದದೆ ಮಡಚಿ ಇಡಬಹುದು.

ಸೀಟು ಸಿಗದವನು · 12:06

ಭಜನೆಗಿಂತ ದೊಡ್ಡ ಸಮಸ್ಯೆ ಕರ್ಚೀಫ್ ಹಾಕಿ ನಾಲ್ಕು ಸೀಟು ಹಿಡಿಯುವವರದ್ದು. ಟೇಕಲ್‌ನಲ್ಲಿ ಹತ್ತುವ ನಮಗೆ ಒಂದು ದಿನವೂ ಸೀಟಿಲ್ಲ. ಅದರ ಬಗ್ಗೆ ಒಂದು ಚರ್ಚೆ ಶುರು ಮಾಡಿ ದಯವಿಟ್ಟು.

ಕೆಜಿಎಫ್ ಹಳೇ ಹುಲಿ · 12:30

ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ ಲೈನ್ ಮನೆಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಜೊತೆಗೆ ಚರ್ಚ್‌ಗಳೂ ಬಂದವು. ನಮ್ಮ ಬೀದಿಯಲ್ಲಿ ಮಾರಿಯಮ್ಮನ ಗುಡಿ ಇತ್ತು, ಮಾತೆ ಮರಿಯಮ್ಮನವರ ಗವಿಯೂ ಇತ್ತು. ಎರಡಕ್ಕೂ ಕರಗಿದ ಮೇಣದ ಬತ್ತಿ, ಎರಡಕ್ಕೂ ಮಲ್ಲಿಗೆ. ಅಪ್ಪ ಗಣಿಯ ಶಾಫ್ಟ್‌ಗೆ, ಅಂದರೆ ಆಳದ ಬಾವಿಗೆ, ಇಳಿಯುವ ಮುಂಚೆ ಎರಡೂ ಕಡೆ ಕೈ ಮುಗಿಯುತ್ತಿದ್ದರು. ಗಣಿಯೊಳಗೆ ಬಂಡೆ ಸಿಡಿದ (ರಾಕ್ ಬರ್ಸ್ಟ್) ಸದ್ದು ಕೇಳಿದರೆ ಹೆಂಗಸರೆಲ್ಲ ಶಾಫ್ಟ್ ಕಡೆ ಓಡುತ್ತಿದ್ದರು. ಪಕ್ಕದಲ್ಲಿ ನಿಂತು ಯೇಸಪ್ಪಾ ಅಂತ ಅಳುವವಳನ್ನು, ಮುರುಗಾ ಅಂತ ಅಳುವವಳು ತಬ್ಬಿಕೊಳ್ಳುತ್ತಿದ್ದಳು. ಅಲ್ಲಿ ಯಾರು ಯಾರಿಗೆ ಪ್ರಚಾರ ಮಾಡುತ್ತಾರೆ ಅಂತ ಯಾರೂ ಕೇಳಲಿಲ್ಲ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಈಗ ಆ ಊರಿನವರೇ ಈ ರೈಲು ತುಂಬಾ. ನಾಲ್ಕು ಗಂಟೆಗೆ ಎದ್ದು, ನಿದ್ದೆಗೆಟ್ಟು, ಬೆಂಗಳೂರಿಗೆ ಹೋಗಿ ಬರುವ ಜನ. ಆ ಅಮ್ಮ ಬಹುಶಃ ನಮ್ಮೂರಿನವರೇ. ಮನಶ್ಶಾಂತಿ ಇದೆಯಾ ಅಂತ ಕೇಳಿದ್ದರಲ್ಲಿ ನನಗೆ ತಪ್ಪು ಕಾಣುತ್ತಿಲ್ಲ.

ನಿರ್ವಾಹಕ · 12:44

ಒಂದು ಉತ್ತರ ತೆಗೆದಿದ್ದೇನೆ. 'ಅಕ್ಕಿ ಮೂಟೆ' ಅಂತ, ಅಂದರೆ ಅಕ್ಕಿಗಾಗಿ ಧರ್ಮ ಬಿಟ್ಟವರು ಅಂತ, ಯಾರನ್ನೂ ಇಲ್ಲಿ ಬೈಯುವಂತಿಲ್ಲ. ವಾದ ಮಾಡಿ, ಬೈಯಬೇಡಿ.

ತಟ್ಟೆ ಇಡ್ಲಿ · 1:10

ತೆಗೆದದ್ದು ಸರಿ. ಆದರೂ ಆ ಬೈಗುಳಕ್ಕೆ ತುಮಕೂರಿನವನಾಗಿ ಒಂದು ಉತ್ತರ ಕೊಡಬೇಕು.

ನಮ್ಮ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್‌ನವರು 1837ರಲ್ಲೇ ಬಂದು ಕೂತರು. ವರ್ಷಗಟ್ಟಲೆ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದರು. ಜನ ಕೇಳಿದರು, ಪ್ರಶ್ನೆ ಹಾಕಿದರು, ವಾದ ಮಾಡಿದರು, ಮನೆಗೆ ಹೋದರು. ಆ ಧರ್ಮಕ್ಕೆ ಹೋದವರು ಬೆರಳೆಣಿಕೆ. ಅಂದರೆ ನಮ್ಮ ಹಿರಿಯರಿಗೆ ಕೇಳುವ ಧೈರ್ಯವೂ ಇತ್ತು, ಬೇಡ ಅನ್ನುವ ಧೈರ್ಯವೂ ಇತ್ತು.

ಆಮೇಲೆ 1876-78ರ ಬರ ಬಂತು. ಧಾತು ಈಶ್ವರ ಬರ ಅಂತ ಹಳೇ ಜನ ಹೇಳುತ್ತಿದ್ದದ್ದು ಅದನ್ನೇ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಜನ ಇದ್ದರು, 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದರು. ಹೆತ್ತವರು ಸತ್ತ ಮಕ್ಕಳನ್ನು ಮಿಷನ್‌ನವರು ಎತ್ತಿಕೊಂಡು ಸಾಕಿದರು. ಆ ಮಗು ಗಂಜಿ ಕುಡಿದದ್ದು ಅವಮಾನವಾ? ಅದರ ಮೊಮ್ಮಕ್ಕಳನ್ನು ಇವತ್ತಿಗೂ ಅಕ್ಕಿ ಹೆಸರಿನಲ್ಲಿ ಬೈಯಬೇಕಾ?

ದೊಡ್ಡಬಳ್ಳಾಪುರ ರಸ್ತೆ · 1:22

ಗಂಜಿ ಕೊಟ್ಟದ್ದಕ್ಕೆ ಕೈ ಮುಗಿಯುತ್ತೇನೆ. ಆದರೆ ಗಂಜಿ ಜೊತೆಗೆ ಹೆಸರು ಯಾಕೆ ಬದಲಾಗಬೇಕಿತ್ತು? ಸಿದ್ಧಗಂಗಾ ಮಠವೂ ದಾಸೋಹ ಮಾಡುತ್ತದೆ. ಅಲ್ಲಿ ಯಾವ ಧರ್ಮದ ಹುಡುಗ ಬಂದರೂ ಊಟ, ಓದು ಎರಡೂ ಸಿಗುತ್ತದೆ. ನಿನ್ನ ದೇವರನ್ನು ಬಿಡು ಅಂತ ಶಿವಕುಮಾರ ಸ್ವಾಮಿಗಳು ಯಾರಿಗೂ ಹೇಳಲಿಲ್ಲ. ಸೇವೆ ಅಂದರೆ ಅದು.

ತಟ್ಟೆ ಇಡ್ಲಿ · 1:27

ಇದು ಒಪ್ಪುವ ಮಾತು. ಹಾಸಿಗೆ ಹಿಡಿದವರ ಹತ್ತಿರ, ಹಸಿದವರ ಹತ್ತಿರ ಧರ್ಮದ ಮಾತು ತೆಗೆಯಬಾರದು ಅಂತ ನಾನೂ ಅನ್ನುತ್ತೇನೆ. ಅವರಿಗೆ ಬೇಡ ಅನ್ನುವ ಶಕ್ತಿ ಇರುವುದಿಲ್ಲ. ರೈಲಿನಲ್ಲಿ ಕೂತ ನಿಮಗೂ ನನಗೂ ಇದೆ.

ಪಾಸ್ಟರ್ ಮಗಳು · 1:33

ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಮಾಡಲಾ ಅಂತ ಕೇಳುವುದೂ ತಪ್ಪಾ? ಕೇಳಿ, ಬೇಡ ಅಂದರೆ ಎದ್ದು ಬರುವುದು ನಮ್ಮ ರೂಢಿ.

ತಟ್ಟೆ ಇಡ್ಲಿ · 1:36

ಗುರುತಿನವರಾದರೆ ಕೇಳಿ. ಗುರುತಿಲ್ಲದ ವಾರ್ಡಿಗೆ ಹೋಗಿ ಕೇಳಬೇಡಿ ಅಕ್ಕ. ನನ್ನ ಅಭಿಪ್ರಾಯ.

ಕೊನೇ ಮನೆ · 2:15

ಅಕ್ಕಿ, ಆಮಿಷ ಅಂತೆಲ್ಲ ಮಾತಾಡುವವರು ನಮ್ಮ ಅಜ್ಜನ ಕಥೆ ಕೇಳಿ.

ಮುಳಬಾಗಿಲು ಕಡೆಯ ಹಳ್ಳಿ. ಊರ ಬಾವಿಗೆ ಇಳಿಯುವಂತಿಲ್ಲ, ಯಾರಾದರೂ ಮೇಲಿಂದ ಕೊಡಕ್ಕೆ ಸುರಿಯುವವರೆಗೆ ನಿಲ್ಲಬೇಕು. ಗುಡಿ ಹೊಸಿಲು ತುಳಿಯುವಂತಿಲ್ಲ. ಮಿಷನ್ ಶಾಲೆಯ ಮೇಷ್ಟ್ರು ಅಜ್ಜನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರಂತೆ. ಅದನ್ನು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಆ ಬೆಂಚೇ ನಮ್ಮ ಮನೆಗೆ ಬಂದ ಸುವಾರ್ತೆ.

ಆಮಿಷದ ಲೆಕ್ಕ ಮಾಡುವವರು ಈ ಲೆಕ್ಕವನ್ನೂ ಮಾಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಸವಲತ್ತು ಹೋಗುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಕೊಟ್ಟರು, ನಮಗೆ ಕೊಡಲಿಲ್ಲ. ನಮ್ಮಪ್ಪ ಸರ್ಟಿಫಿಕೇಟ್‌ನಲ್ಲಿ ಕ್ರೈಸ್ತ ಅಂತಲೇ ಬರೆಸಿದರು. ಎಸ್‌ಸಿ ಸೀಟು ಹೋಯಿತು. ಪರವಾಗಿಲ್ಲ, ಸುಳ್ಳು ಬರೆಸಲ್ಲ ಅಂದರು.

ಚರ್ಚ್ ಒಳಗೆ ಜಾತಿ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಮದುವೆ ಮಾತುಕತೆಗೆ ಕೂತರೆ ಗೊತ್ತಾಗುತ್ತದೆ. ಅದರ ಜಗಳ ಬೇರೆ, ಅದನ್ನು ನಾವು ಒಳಗೇ ಆಡುತ್ತಿದ್ದೇವೆ.

ಅಂತರಗಂಗೆ · 2:24

ಅಣ್ಣಾ, ನಿಮ್ಮ ಅಜ್ಜನ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ನಾವು ಬಾವಿ ಮುಚ್ಚಿದವರ ಕಡೆಯವರು, ಒಪ್ಪುತ್ತೇನೆ.

ಆದರೂ ನಮ್ಮಮ್ಮನ ಕಣ್ಣೀರು ಸುಳ್ಳಲ್ಲ.

ಕೊನೇ ಮನೆ · 2:26

ಸುಳ್ಳು ಅಂತ ನಾನು ಅನ್ನಲಿಲ್ಲ.

ನಂದಿ ಗಾಳಿ · 3:02

ಚಿಕ್ಕಬಳ್ಳಾಪುರದ ಕಥೋಲಿಕ ಹುಡುಗಿ ನಾನು. ಒಂದು ವಿಷಯ ಹೊರಗಿನವರಿಗೆ ಗೊತ್ತಿಲ್ಲ. ಎಲ್ಲ ಕ್ರೈಸ್ತರೂ ಕರಪತ್ರ ಹಂಚುವುದಿಲ್ಲ. ನಾವು ಭಾನುವಾರ ಚರ್ಚ್‌ನ ಬಲಿಪೂಜೆಗೆ (ಮಾಸ್) ಹೋಗುತ್ತೇವೆ, ಮನೆಗೆ ಬರುತ್ತೇವೆ. ನಮ್ಮ ಮಾತೇ ಬೇರೆ. ನಾವು ಶುಭಸಂದೇಶ ಅನ್ನುವುದನ್ನು ಪ್ರೊಟೆಸ್ಟೆಂಟರು ಸುವಾರ್ತೆ ಅನ್ನುತ್ತಾರೆ, ನಮಗೆ ಸರ್ವೇಶ್ವರ, ಅವರಿಗೆ ಯೆಹೋವ. ನಮ್ಮವರು ಹಣೆಗೆ ಬೊಟ್ಟು ಇಡುತ್ತಾರೆ, ಹೂ ಮುಡಿಯುತ್ತಾರೆ, ಹಬ್ಬಕ್ಕೆ ತೇರು ಎಳೆಯುತ್ತಾರೆ. ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ) ಇನ್ನೊಂದು ಥರ. ಹೊಸ ಸಭೆಗಳವರು ಮತ್ತೊಂದು ಥರ.

ಆದರೆ ಕಲ್ಲು ಬೀಳುವಾಗ ಯಾವ ಸಭೆ ಅಂತ ಯಾರೂ ಕೇಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಸೂಸೆಪಾಳ್ಯದ ಸಂತ ಜೋಸೆಫರ ಚರ್ಚ್‌ನಲ್ಲಿ ಸಂತ ಅಂತೋನಿಯವರ ಪ್ರತಿಮೆ ಒಡೆದರು. ನೂರೈವತ್ತು ವರ್ಷ ದಾಟಿದ ಚರ್ಚ್ ಅದು. ಅದೇ ತಿಂಗಳು ಶ್ರೀನಿವಾಸಪುರದಲ್ಲಿ ಮನೆಮನೆಗೆ ಹೋಗಿ ಕೊಡುತ್ತಿದ್ದ ಪುಸ್ತಕಗಳನ್ನು ಕಿತ್ತುಕೊಂಡು ಸುಟ್ಟರು. ಆ ಕ್ರಿಸ್‌ಮಸ್‌ಗೆ ನಮ್ಮಮ್ಮ ಬಾಗಿಲಿಗೆ ನಕ್ಷತ್ರ ಕಟ್ಟಲು ಹೆದರಿದರು. ಪಕ್ಕದ ಮನೆ ಗೌಡರ ಆಂಟಿ ಬಂದು 'ಯಾಕಮ್ಮಾ ಈ ಸಲ ಸ್ಟಾರ್ ಇಲ್ಲ?' ಅಂತ ಕೇಳಿ, ತಮ್ಮ ಮಗನನ್ನೇ ಏಣಿ ಹತ್ತಿಸಿದರು. ಅದನ್ನೂ ಹೇಳಬೇಕು.

ದೊಡ್ಡಬಳ್ಳಾಪುರ ರಸ್ತೆ · 3:15

ಒಡೆದದ್ದು, ಸುಟ್ಟದ್ದು ಯಾರೂ ಒಪ್ಪುವುದಿಲ್ಲ. ಆದರೆ ಹಳ್ಳಿಹಳ್ಳಿಯಲ್ಲಿ ಮತಾಂತರ ಜಾಸ್ತಿ ಆಗುತ್ತಿರುವುದೂ ನಿಜ ಅಲ್ವಾ?

ಕರಿಕೋಟು · 3:21

ಜನಗಣತಿ ನೋಡಿ ಸರ್. ರಾಜ್ಯದಲ್ಲಿ ಕ್ರೈಸ್ತರು 2001ರಲ್ಲಿ ಶೇ. 1.91, 2011ರಲ್ಲಿ ಶೇ. 1.87. ಕಡಿಮೆಯೇ ಆಗಿದೆ.

ದೊಡ್ಡಬಳ್ಳಾಪುರ ರಸ್ತೆ · 3:24

2011 ಹಳೆಯದಾಯಿತು. ಮತಾಂತರ ಆದವರು ಗಣತಿಯಲ್ಲಿ ಬರೆಸುವುದೂ ಇಲ್ಲ.

ಕರಿಕೋಟು · 3:26

ಹಳೆಯದು, ಒಪ್ಪಿದೆ. ಬರೆಸದೆ ಇರುವವರೂ ಇರಬಹುದು. ಆದರೆ ಅದರ ಆಧಾರದ ಮೇಲೆ ಜಾಸ್ತಿ ಆಗಿದೆ ಅಂತ ಹೇಳುವುದಕ್ಕೂ ಲೆಕ್ಕ ಬೇಕಲ್ಲ.

ಕೈವಾರದ ದಾರಿ · 4:05

ಎಲ್ಲ ಓದಿದೆ. ನನಗೆ ಅನಿಸಿದ್ದು ಇಷ್ಟು. ನಮ್ಮ ಕೈವಾರ ತಾತಯ್ಯನವರು ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ತೆಲುಗಿನಲ್ಲಿ, ಕನ್ನಡದಲ್ಲಿ ತಾವು ಕಂಡದ್ದನ್ನು ಹಾಡಿದರು. ದಾಸರು ಮನೆ ಬಾಗಿಲಿಗೆ ಬಂದು ಹಾಡಿದರು. ಜೋಳಿಗೆಗೆ ರಾಗಿ ಹಾಕುವವರು ಹಾಕಿದರು, 'ಮುಂದೆ ಹೋಗಪ್ಪ' ಅನ್ನುವವರು ಅಂದರು. ದೇವರ ಮಾತು ಬಾಗಿಲಿಗೆ ಬರುವುದು ನಮಗೆ ಹೊಸದಲ್ಲ.

ಹೊಸದು ಏನೆಂದರೆ 'ಇದೊಂದೇ ದಾರಿ, ನಿನ್ನದು ಸುಳ್ಳು' ಅನ್ನುವ ಮಾತು. ನಮ್ಮ ಕಡೆ ಕೆಲವರು ಮೈಕಿನಲ್ಲಿ ಹಾಗೇ ಕೂಗುತ್ತಾರೆ. ಕಲ್ಲು ದೇವರು, ದೆವ್ವ ಅಂತೆಲ್ಲ. ಪಾಸ್ಟರ್ ಮಗಳೇ, ಇದಕ್ಕೆ ಏನು ಹೇಳುತ್ತೀಯಮ್ಮ?

ಪಾಸ್ಟರ್ ಮಗಳು · 4:30

ತಪ್ಪು ಅಂತಲೇ ಹೇಳುತ್ತೇನೆ ಸರ್. ಯೇಸುವೇ ದಾರಿ ಅಂತ ನಾನು ನಂಬುತ್ತೇನೆ, ಅದನ್ನು ಮುಚ್ಚಿಟ್ಟರೆ ನಿಮಗೆ ಸುಳ್ಳು ಹೇಳಿದ ಹಾಗೆ. ಆದರೆ ನನ್ನ ನಂಬಿಕೆ ಹೇಳಲು ನಿಮ್ಮ ದೇವರನ್ನು ಬೈಯಬೇಕಾಗಿಲ್ಲ. ಪೇತ್ರನ ಪತ್ರದಲ್ಲಿ ಕೇಳಿದವರಿಗೆ ಸಾತ್ವಿಕವಾಗಿ, ಗೌರವದಿಂದ ಉತ್ತರ ಕೊಡಿ ಅಂತ ಇದೆ. ಮತ್ತಾಯ 10ರಲ್ಲಿ, ಕೇಳದಿದ್ದರೆ ಕಾಲಿನ ಧೂಳು ಕೊಡವಿ ಮುಂದೆ ಹೋಗಿ ಅಂತ ಯೇಸುವೇ ಹೇಳಿದ್ದಾರೆ. ಮತ್ತೆ ಮತ್ತೆ ಬಾಗಿಲು ಬಡಿಯಿರಿ ಅಂತ ಇಲ್ಲ.

ಮೈಕಿನ ವಿಷಯ ಅಪ್ಪನ ಹತ್ತಿರ ನಾನೇ ಜಗಳ ಆಡಿ, ಸಂಜೆ ಕೂಟಕ್ಕೆ ಹೊರಗಿನ ಸ್ಪೀಕರ್ ತೆಗೆಸಿದೆ. ಪಕ್ಕದ ಮನೆಯಲ್ಲಿ ಪಿಯುಸಿ ಹುಡುಗಿ ಓದುತ್ತಿದ್ದಳು.

ಕೈವಾರದ ದಾರಿ · 4:34

ಒಳ್ಳೇದಾಗಲಿ ಮಗಳೇ.

ಎರಡನೇ ಬೋಗಿ · ಸಂಜೆ 6:20

ಆ ದಿನ ನಾನು ಅಲ್ಲೇ ಇದ್ದೆ. ಭಜನೆ ಮಾಡುವ ಗುಂಪು ನಮ್ಮದೇ. ಹರಿದವರು ನಮ್ಮ ಗುಂಪಿನವರು. ಹೆಸರು ಹೇಳುವುದಿಲ್ಲ. ಅವರ ಮನೆಯಲ್ಲೂ ಅಂತರಗಂಗೆ ಅವರ ಮನೆಯಂಥದ್ದೇ ಒಂದು ನೋವು ಇದೆ, ಅದು ನನಗೆ ಗೊತ್ತು. ಆದರೆ ಆ ಅಮ್ಮ ಅವರ ಮನೆ ಒಡೆದವರಲ್ಲ. ಶನಿವಾರ ನಾನು ಅವರಿಗೆ ಹೇಳಿದೆ. ಮೊದಲು ಸಿಟ್ಟಾದರು, ಆಮೇಲೆ ಸುಮ್ಮನಾದರು. ಒಪ್ಪಿದರು ಅಂತ ನಾನು ಹೇಳುವುದಿಲ್ಲ. ವಿಡಿಯೋ ಮಾತ್ರ ಡಿಲೀಟ್ ಮಾಡಿಸಿದ್ದೇನೆ, ಇಬ್ಬರ ಫೋನಿನಿಂದಲೂ. ಮಾಲೂರು ಹುಡುಗ, ನಾನೂ ಅವತ್ತು ಸುಮ್ಮನೇ ಇದ್ದೆ.

ಟೊಮೆಟೊ ಮಂಡಿ · 6:31

ಡಿಲೀಟ್ ಮಾಡಿಸಿದ್ದು ದೊಡ್ಡ ಕೆಲಸ ಸರ್. ಅದು ವಾಟ್ಸಾಪ್‌ನಲ್ಲಿ ಹೋಗಿದ್ದರೆ ಆ ಅಮ್ಮ ಕೆಲಸಕ್ಕೆ ಹೋಗುವುದೇ ಕಷ್ಟ ಆಗುತ್ತಿತ್ತು.

ಅಂತರಗಂಗೆ · 6:50

ಅವರಿಗೆ ನನ್ನ ನಂಬರ್ ಕೊಡಿ ಎರಡನೇ ಬೋಗಿ ಅವರೇ. ಮಾತಾಡಬೇಕು ಅನಿಸಿದರೆ ಮಾತಾಡಲಿ. ವೈಯಕ್ತಿಕ ಸಂದೇಶದಲ್ಲಿ ಕಳಿಸುತ್ತೇನೆ.

ಮಾಲೂರು ಹುಡುಗ · ಮಂಗಳವಾರ ರಾತ್ರಿ 9:15

ಎಲ್ಲರ ಉತ್ತರ ಓದಿದೆ. ಇವತ್ತು ಆ ಅಮ್ಮ ಮತ್ತೆ ಸಿಕ್ಕರು. ಬೇರೆ ಬೋಗಿಯಲ್ಲಿ, ಬಾಗಿಲ ಹತ್ತಿರ ನಿಂತಿದ್ದರು. ನಾನೇ ಹೋಗಿ ಮಾತಾಡಿಸಿದೆ. 'ಶುಕ್ರವಾರ ನಾನು ಎದುರಿಗೇ ಇದ್ದೆ ಅಮ್ಮ, ಏನೂ ಹೇಳಲಿಲ್ಲ, ತಪ್ಪಾಯಿತು' ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, 'ನೀನು ಹುಡುಗ, ನಿನಗೂ ಭಯ ಇರುತ್ತೆ' ಅಂದರು.

ಊರ್ಗಾಂನವರು. ಗಂಡ ಗಣಿಯಲ್ಲಿದ್ದರಂತೆ, ಧೂಳು ಕುಡಿದು ಎದೆ ಹಾಳಾಗಿ ಹೋದರು. ವೈಟ್‌ಫೀಲ್ಡ್‌ನಲ್ಲಿ ಒಂದು ಮನೆಯಲ್ಲಿ ಅಡುಗೆ ಕೆಲಸ. ಕಾಗದ ಇದೆಯಾ ಅಂತ ಕೇಳಿದೆ. 'ಮಗಳು ಬ್ಯಾಗಿನಿಂದ ಎತ್ತಿಟ್ಟಿದ್ದಾಳೆ, ಇನ್ನು ಬೇಡ ಅಂದಿದ್ದಾಳೆ' ಅಂದರು. ನಮ್ಮಮ್ಮನ ಮಂಡಿ ನೋವಿನ ವಿಷಯ ಮಾತಿಗೆ ಬಂತು. 'ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡಲಾ?' ಅಂದರು. ಅಲ್ಲೇ ಕಣ್ಣು ಮುಚ್ಚಿಬಿಡುತ್ತಾರೇನೋ ಅಂತ ನನಗೆ ಒಂದು ಕ್ಷಣ ಇರುಸುಮುರುಸಾಯಿತು. ಸುಳ್ಳು ಹೇಳಬಾರದು ಅನಿಸಿ, 'ಇಲ್ಲಿ ಬೇಡ ಅಮ್ಮ, ಮನೆಗೆ ಹೋದ ಮೇಲೆ ಮಾಡಿ' ಅಂದೆ. ನಕ್ಕರು. 'ಹೆಸರು ಹೇಳು ಮತ್ತೆ' ಅಂದರು.

ಅಮ್ಮನ ಹೆಸರು ಹೇಳಿದೆ. ವೈಟ್‌ಫೀಲ್ಡ್‌ನಲ್ಲಿ ಇಳಿಯುವಾಗ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡರು.